ಅಪ್ಪನಿಗೆ ಮಂಚದಿಂದ್ಲೇ ಕಾಣೋ ಹಾಗೆ ಲಿನಕ್ಸ್ ಮಿಂಟಲ್ಲಿ ದೊಡ್ಡ ಗಡಿಯಾರ ಹಾಕೋದು ಹೇಗೆ?

ಅಪ್ಪನ ಲ್ಯಾಪ್‌ಟಾಪ್ ಕೇಳಿದ್ದು:

ಎಲ್ರಿಗೂ ನಮಸ್ಕಾರ. ನಮ್ಮಪ್ಪನಿಗೆ 74 ವರ್ಷ, ಎರಡು ಕಣ್ಣಿಗೂ ಗ್ಲಾಕೋಮಾ ಇದೆ, ಬಲಗಣ್ಣಲ್ಲಿ ಪೊರೆ ಬೇರೆ ಶುರುವಾಗಿದೆ. ನನ್ನ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ 21.3 (ಸಿನಮನ್ ಡೆಸ್ಕ್‌ಟಾಪ್ ಇರೋದು) ಹಾಕಿ ಅವರಿಗೆ ಕೊಟ್ಟಿದ್ದೀನಿ. 15.6 ಇಂಚು ಸ್ಕ್ರೀನು, 1366 ಬೈ 768. ಬೆಳಗ್ಗೆ ಅಕ್ಷರ ದೊಡ್ಡದು ಮಾಡ್ಕೊಂಡು ಪೇಪರ್ ಓದ್ತಾರೆ, ಸಂಜೆ ತಾಳಮದ್ದಳೆ ಹಾಕ್ಕೊಂಡು ಕೇಳ್ತಾರೆ, ಅಷ್ಟೇ ಬಳಕೆ.

ವಿಷಯ ಏನಂದ್ರೆ ಅವರಿಗೆ ಎರಡು ಥರ ಕಣ್ಣಿನ ಡ್ರಾಪ್ಸ್ ಇದೆ, ಬೆಳಗ್ಗೆ 8ಕ್ಕೆ ರಾತ್ರಿ 8ಕ್ಕೆ, ಒಂದು ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದು ಹಾಕಬೇಕು, ತಕ್ಷಣ ಹಾಕಿದ್ರೆ ಮೊದಲನೇದು ಹೊರಗೆ ಹರಿದು ಹೋಗತ್ತೆ ಅಂತ ಡಾಕ್ಟ್ರು ಹೇಳಿದ್ದಾರೆ. ಅಪ್ಪ ಮಂಚದ ಮೇಲೆ ಮಲಗಿ ತಾವೇ ಹಾಕ್ಕೊಳ್ತಾರೆ, ಯಾರೂ ಹಾಕೋದು ಬೇಡ ಅಂತಾರೆ. ಆದ್ರೆ ಆ ಐದು ನಿಮಿಷ ಆಯ್ತಾ ಇಲ್ವಾ ಅಂತ ಅವರಿಗೆ ತಿಳಿಯಲ್ಲ. ಗೋಡೆ ಗಡಿಯಾರದ ಮುಳ್ಳು ತೆಳ್ಳಗಿದೆ, ಕಾಣಲ್ಲ. ಅಮ್ಮ ಅಡುಗೆಮನೆಯಿಂದ ಕೂಗಿ ಹೇಳ್ಬೇಕು. ಲ್ಯಾಪ್‌ಟಾಪ್ ಎದುರಿಗೆ ಟೇಬಲ್ ಮೇಲೇ ಇರತ್ತೆ, ಮಂಚದಿಂದ ಸುಮಾರು 2 ಮೀಟರ್. ಆದ್ರೆ ಅದ್ರಲ್ಲಿರೋ ಗಡಿಯಾರ ಕೆಳಗೆ ಮೂಲೇಲಿ ಇರುವೆ ಥರ ಇದೆ, ನನಗೇ ಬಗ್ಗಿ ನೋಡ್ಬೇಕು.

ದೊಡ್ಡದಾಗಿ ಗಂಟೆ ನಿಮಿಷ ಕಾಣ್ಬೇಕು, ಆದ್ರೆ ವಾರದ ಹೆಸರು ಕನ್ನಡದಲ್ಲಿ ಬರಬೇಕು. ಮಲಗಿರೋವಾಗ ಎದ್ದು ಬಂದು ಮೌಸ್ ಮುಟ್ಟೋ ಹಾಗಿರಬಾರದು. ಗೊತ್ತಿರೋರು ದಯವಿಟ್ಟು ಹೇಳಿ.

ಪ್ಯಾನೆಲ್ ಪರಮೇಶಿ ಬರೆದದ್ದು:

ಸರ್, ಮೊದಲು ಇರೋ ಗಡಿಯಾರವನ್ನೇ ಸರಿ ಮಾಡ್ಕೊಳ್ಳಿ, ಎರಡೇ ನಿಮಿಷದ ಕೆಲಸ. ಕೆಳಗಿನ ಪ್ಯಾನೆಲ್, ಅಂದ್ರೆ ಗಡಿಯಾರ ಇರೋ ಪಟ್ಟಿ ಮೇಲೆ ರೈಟ್ ಕ್ಲಿಕ್ ಮಾಡಿ ಪ್ಯಾನೆಲ್ ಸೆಟ್ಟಿಂಗ್ಸ್‌ಗೆ ಹೋಗಿ ಎತ್ತರ ಜಾಸ್ತಿ ಮಾಡಿ. ಅಲ್ಲೇ ಎಡ, ನಡು, ಬಲ ಅಂತ ಮೂರು ಭಾಗಕ್ಕೂ ಬೇರೆ ಬೇರೆ ಫಾಂಟ್ ಸೈಜ್ ಇಡಬಹುದು, ಗಡಿಯಾರ ಬಲಗಡೆ ಇರೋದ್ರಿಂದ ಅಲ್ಲಿ ಮಾತ್ರ ದೊಡ್ಡದು ಮಾಡಿ.

ಆಮೇಲೆ ಗಡಿಯಾರದ ಮೇಲೆ ರೈಟ್ ಕ್ಲಿಕ್, ಕಾನ್ಫಿಗರ್. ಕಸ್ಟಮ್ ಡೇಟ್ ಫಾರ್ಮ್ಯಾಟ್ ಆನ್ ಮಾಡಿದ್ರೆ ಒಂದು ಖಾಲಿ ಪೆಟ್ಟಿಗೆ ಬರತ್ತೆ. ಅದ್ರಲ್ಲಿ ಪರ್ಸೆಂಟ್ ಚಿಹ್ನೆ ಜೊತೆ ಇಂಗ್ಲಿಷಿನ ದೊಡ್ಡ ಐ ಹಾಕಿದ್ರೆ 12 ಗಂಟೆ ಲೆಕ್ಕದ ಗಂಟೆ, ದೊಡ್ಡ ಎಂ ಅಂದ್ರೆ ನಿಮಿಷ, ದೊಡ್ಡ ಎ ಅಂದ್ರೆ ವಾರದ ಪೂರ್ತಿ ಹೆಸರು. ಪರ್ಸೆಂಟ್‌ಗೂ ಐಗೂ ನಡುವೆ ಒಂದು ಹೈಫನ್ ಹಾಕಿ, ಆಗ 08 ಅಂತ ಬರಲ್ಲ, ಬರೀ 8 ಬರತ್ತೆ. ವಯಸ್ಸಾದೋರಿಗೆ ಆ ಮುಂದಿನ ಸೊನ್ನೆ ಸುಮ್ನೆ ಗೊಂದಲ. ಸೆಕೆಂಡು ಬೇಡ, ಕಣ್ಣು ಅಲ್ಲೇ ಎಳೀತಾ ಇರತ್ತೆ.

ವಾರ ಕನ್ನಡದಲ್ಲಿ ಬರೋಕೆ ಪೂರ್ತಿ ಸಿಸ್ಟಮ್ ಕನ್ನಡ ಮಾಡೋ ಅಗತ್ಯ ಇಲ್ಲ. ಭಾಷೆಯ ಸೆಟ್ಟಿಂಗಲ್ಲಿ ಕನ್ನಡ ಸೇರಿಸಿ ಇನ್‌ಸ್ಟಾಲ್ ಮಾಡಿ, ಆಮೇಲೆ ಎಲ್‌ಸಿ ಟೈಮ್ (ಸಮಯ, ದಿನಾಂಕ ಯಾವ ಭಾಷೇಲಿ ಬರಬೇಕು ಅನ್ನೋ ಸೆಟ್ಟಿಂಗ್) ಅನ್ನೋದೊಂದನ್ನ ಮಾತ್ರ ಕನ್ನಡಕ್ಕೆ ಬದಲಾಯಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ. ಮೆನು ಎಲ್ಲ ಇಂಗ್ಲಿಷಲ್ಲೇ ಇದ್ದು ಸೋಮವಾರ ಮಂಗಳವಾರ ಮಾತ್ರ ಕನ್ನಡದಲ್ಲಿ ಬರತ್ತೆ.

ಧಾರವಾಡದಾಂವ ಬರೆದದ್ದು:

ಪ್ಯಾನೆಲ್ ಎಷ್ಟು ದೊಡ್ಡದು ಮಾಡಿದ್ರೂ ಎರಡು ಮೀಟರ್ ದೂರದಿಂದ ಕಾಣಂಗಿಲ್ರಿ, ಅದು ಹತ್ರ ಕುಂತು ನೋಡಾಕ ಸರಿ. ನೀವು ಡೆಸ್ಕ್‌ಲೆಟ್ ಹಾಕ್ರಿ, ಅಂದ್ರ ಡೆಸ್ಕ್‌ಟಾಪ್ ಮ್ಯಾಲೇನ ಕುಂದ್ರೂ ಸಣ್ಣ ಪ್ರೋಗ್ರಾಮ್. ಡೆಸ್ಕ್‌ಟಾಪ್ ಮ್ಯಾಲೆ ಖಾಲಿ ಜಾಗಾದಾಗ ರೈಟ್ ಕ್ಲಿಕ್ ಮಾಡ್ರಿ, ಆಡ್ ಡೆಸ್ಕ್‌ಲೆಟ್ಸ್ ಅಂತ ಬರತೈತಿ. ಗಡಿಯಾರದ ಡೆಸ್ಕ್‌ಲೆಟ್ ಸಿನಮನ್ ಜೋಡೀನ ಬಂದಿರತೈತಿ, ಬ್ಯಾರೆ ಏನೂ ಡೌನ್‌ಲೋಡ್ ಮಾಡೂದು ಬ್ಯಾಡ. ಫಾಂಟ್ ಸೈಜು, ಬಣ್ಣ ಎಲ್ಲಾ ಅದರ ಸೆಟ್ಟಿಂಗ್ಸಿನಾಗ ಅದಾವ.

ಒಂದು ಮಾತು. ವಾಲ್‌ಪೇಪರ್ ತಗದು ಬರೇ ಕಪ್ಪು ಬಣ್ಣ ಇಡ್ರಿ. ನಮ್ಮ ಕಾಕಾಗ ನಾನು ಹಿಂಗ ಒಂದು ಗಡಿಯಾರ ಹಾಕಿ ಕೊಟ್ಟಿದ್ದೆ, ಹಿಂದ ಜೋಗದ ಫೋಟೋ ಇತ್ತು, ಬಿಳೀ ನೀರಿನ ಮ್ಯಾಲೆ ಬಿಳೀ ಅಂಕಿ. ನನಗ ಚಂದ ಕಾಣಸ್ತು, ಅವ್ರಿಗೆ ಅಂಕಿನ ಕಾಣಸಲಿಲ್ಲ. ಪಾಪ ಎರಡು ತಿಂಗಳು ಏನೂ ಅನ್ನದ ಹಂಗ ಇದ್ರು, ನನಗ ಬ್ಯಾಸರ ಆಗಬಾರ್ದು ಅಂತ. ಅವತ್ತಿನಿಂದ ಏನ ಮಾಡಿದ್ರೂ ಕೂತು ಓದಿಸಿ ನೋಡತೀನಿ. ನೀವೂ ಅಪ್ಪಾವ್ರನ್ನ ಮಂಚದ ಮ್ಯಾಲೆ ಮಲಗಿಸಿ, ಈಗ ಟೈಮ್ ಎಷ್ಟು ಅಂತ ಕೇಳಿ ನೋಡ್ರಿ.

ಅಪ್ಪನ ಲ್ಯಾಪ್‌ಟಾಪ್ ಬರೆದದ್ದು:

ಇಬ್ರಿಗೂ ತುಂಬಾ ಥ್ಯಾಂಕ್ಸ್. ಪ್ಯಾನೆಲ್‌ದು ಆಯ್ತು, ಶುಕ್ರವಾರ ಅಂತ ಕನ್ನಡದಲ್ಲಿ ಬಂದಿದ್ದು ನೋಡಿ ಅಪ್ಪ ಎರಡು ಸಲ ಓದಿದ್ರು. ಡೆಸ್ಕ್‌ಲೆಟ್ ಕೂಡ ಹಾಕ್ದೆ, ಕಪ್ಪು ಹಿನ್ನೆಲೆ, ಬಿಳಿ ಅಂಕಿ. ಧಾರವಾಡದವ್ರು ಹೇಳಿದ ಹಾಗೆ ಮಂಚದಿಂದ ಓದಿಸಿದೆ. 8 ಗಂಟೆ 18 ನಿಮಿಷ ಆಗಿತ್ತು, ಅವರು 8 ಗಂಟೆ 16 ಅಂದ್ರು. 8ಕ್ಕೂ 6ಕ್ಕೂ ವ್ಯತ್ಯಾಸ ಗೊತ್ತಾಗ್ತಿಲ್ಲ. ಅಂಕಿ ಸುತ್ತ ಬೆಳಕು ಹರಡಿಕೊಂಡ ಹಾಗೆ ಕಾಣತ್ತಂತೆ.

ಇನ್ನೊಂದು, ಬ್ರೌಸರ್ ದೊಡ್ಡದಾಗಿ ತೆಗೆದಿದ್ರೆ ಡೆಸ್ಕ್‌ಲೆಟ್ ಅದರ ಹಿಂದೆ ಹೋಗಿಬಿಡತ್ತೆ. ಸೂಪರ್ ಕೀ (ವಿಂಡೋಸ್ ಚಿಹ್ನೆ ಇರೋ ಕೀ) ಜೊತೆ ಎಸ್ ಒತ್ತಿದ್ರೆ ಮುಂದೆ ಬರತ್ತೆ ಅಂತ ಕಂಡ್ಕೊಂಡೆ, ಆದ್ರೆ ಎರಡು ಕೀ ಒಟ್ಟಿಗೆ ಹುಡುಕಿ ಒತ್ತೋದು ಅವರಿಂದ ಆಗಲ್ಲ. ಯಾವಾಗ್ಲೂ ಮೇಲೇ ಇರೋ ಹಾಗೆ ಮಾಡೋಕಾಗತ್ತಾ?

ಟರ್ಮಿನಲ್ ಪ್ರಿಯ ಬರೆದದ್ದು:

ಆಗತ್ತೆ, ಕಾಂಕಿ ಹಾಕಿ, ಸಮಯ ಮುಂತಾದ ಮಾಹಿತೀನ ಸ್ಕ್ರೀನ್ ಮೇಲೆ ತೋರಿಸೋ ಪ್ರೋಗ್ರಾಮ್ ಅದು. 2005ರಿಂದ ಇರೋ ಸಾಫ್ಟ್‌ವೇರ್, ಟಾರ್ಸ್ಮೋ ಅನ್ನೋದ್ರಿಂದ ಕವಲೊಡೆದು ಬಂದಿದ್ದು, ಹಳೇ ಲ್ಯಾಪ್‌ಟಾಪ್‌ಗೂ ಭಾರ ಆಗಲ್ಲ. ಸಾಫ್ಟ್‌ವೇರ್ ಮ್ಯಾನೇಜರಲ್ಲಿ ಕಾಂಕಿ-ಆಲ್ ಅಂತ ಸಿಗತ್ತೆ. ಇದಕ್ಕೆ ಕಿಟಕಿ ಮೆನು ಏನೂ ಇಲ್ಲ, ಎಲ್ಲ ಒಂದು ಟೆಕ್ಸ್ಟ್ ಫೈಲಲ್ಲಿ ಬರೀಬೇಕು. 1.10 ಬಂದ ಮೇಲೆ ಆ ಫೈಲ್ ಲುವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಶೈಲೀಲಿದೆ, ನೆಟ್ಟಲ್ಲಿ ಸಿಗೋ ತುಂಬಾ ಹಳೇ ಮಾದರಿಗಳು ಹಳೇ ಶೈಲಿಯವು, ಹಾಗೇ ಅಂಟಿಸಿದ್ರೆ ತಲೆನೋವು.

ನಿಮಗೆ ಬೇಕಾಗಿರೋದು ಮುಖ್ಯವಾಗಿ ಒಂದು ಸಾಲು. ಓನ್ ವಿಂಡೋ ಆನ್ ಮಾಡಿ, ಓನ್ ವಿಂಡೋ ಟೈಪ್ ಅನ್ನೋ ಕಡೆ ಪ್ಯಾನೆಲ್ ಅಂತ ಕೊಡಿ, ಅಲೈನ್‌ಮೆಂಟ್ ಮೇಲ್ಗಡೆ ಮಧ್ಯಕ್ಕೆ. ಆಗ ಕಾಂಕಿ ಸ್ಕ್ರೀನಿನ ಮೇಲಂಚಲ್ಲಿ ತನಗಂತ ಜಾಗ ಹಿಡಿದಿಟ್ಟುಕೊಳ್ಳತ್ತೆ, ಬ್ರೌಸರ್ ಎಷ್ಟೇ ದೊಡ್ಡದು ಮಾಡಿದ್ರೂ ಆ ಪಟ್ಟಿಯ ಕೆಳಗೇ ನಿಲ್ಲತ್ತೆ. ಅಂಕಿ ಮಿಣಮಿಣ ಅಂತಿದ್ರೆ ಡಬಲ್ ಬಫರ್ ಆನ್ ಮಾಡಿ. ಸ್ಕ್ರೀನ್ ಮೇಲೆ ಕಿಟಕಿಗಳನ್ನ ತೋರಿಸೋ ವ್ಯವಸ್ಥೆ ಎರಡಿವೆ, ಹಳೇದು ಎಕ್ಸ್ 11, ಹೊಸದು ವೇಲ್ಯಾಂಡ್; ಮಿಂಟ್ 21.3ರಲ್ಲಿ ವೇಲ್ಯಾಂಡ್ ಸೆಷನ್ ಇನ್ನೂ ಪ್ರಯೋಗದ ಹಂತದಲ್ಲೇ ಇದೆ, ನೀವು ಮಾಮೂಲಿ ಎಕ್ಸ್ 11 ಸೆಷನಲ್ಲೇ ಇರಿ, ಈ ಜಾಗ ಹಿಡಿಯೋ ಕೆಲಸ ಅಲ್ಲಿ ಸರಿಯಾಗಿ ನಡೆಯತ್ತೆ.

ಆದ್ರೆ ಕಾಂಕಿಯಲ್ಲಿ ವಾರದ ಹೆಸರು ಕನ್ನಡದಲ್ಲಿ ಹಾಕೋಕೆ ಹೋಗ್ಬೇಡಿ. ಅದು ಅಕ್ಷರ ಬಿಡಿಸೋದು ಎಕ್ಸ್‌ಎಫ್‌ಟಿ ಅನ್ನೋ ಲೈಬ್ರರಿ ಮೂಲಕ, ಅದಕ್ಕೆ ಒತ್ತಕ್ಷರ ಕೂಡಿಸೋದು ಬರಲ್ಲ. ಶುಕ್ರವಾರ ಅಂತ ಕೊಟ್ರೆ ಕ ಅಕ್ಷರಕ್ಕೆ ರ ಒತ್ತು ಸೇರ್ದೆ ಕ, ಹಲಂತ, ರ ಅಂತ ಬಿಡಿಬಿಡಿಯಾಗಿ ಬಿದ್ದಿರತ್ತೆ. ನಾನು ಒಂದಿಡೀ ಭಾನುವಾರ ಫಾಂಟ್ ತಪ್ಪು ಅಂದ್ಕೊಂಡು ಗುಬ್ಬಿ, ನವಿಲು, ಲೋಹಿತ್, ನೋಟೋ ಎಲ್ಲ ಬದಲಾಯಿಸಿ ನೋಡ್ದೆ, ಫಾಂಟಿಂದೇನೂ ತಪ್ಪಿರಲಿಲ್ಲ. ಸಿನಮನ್ ಪ್ಯಾನೆಲ್, ಡೆಸ್ಕ್‌ಲೆಟ್ ಎರಡೂ ಒತ್ತಕ್ಷರ ಕೂಡಿಸೋಕೆ ಬರೋ ಪ್ಯಾಂಗೋ ಲೈಬ್ರರಿ ಬಳಸ್ತವೆ, ಅದಕ್ಕೇ ನಿಮಗೆ ಅಲ್ಲಿ ಸರಿಯಾಗಿ ಬಂದಿದ್ದು. ವಾರ ಅಲ್ಲೇ ಇರಲಿ, ಕಾಂಕಿಗೆ ಬರೀ ಅಂಕಿ ಕೊಡಿ.

ಅಪ್ಪನಿಗೆ ಕನ್ನಡ ಅಂಕಿ ಇಷ್ಟ ಅಂದ್ರೆ ಅದಕ್ಕೂ ದಾರಿ ಇದೆ, ಅಂಕಿಗಳಿಗೆ ಒತ್ತು ಗುಣಿತ ಏನೂ ಇಲ್ಲದ್ರಿಂದ ಕಾಂಕಿ ಅವನ್ನ ಸರಿಯಾಗೇ ಬಿಡಿಸತ್ತೆ. ಡೇಟ್ ಕಮಾಂಡಿನ ಉತ್ತರವನ್ನ ಸೆಡ್ (ಅಕ್ಷರ ಬದಲಾಯಿಸೋ ಟರ್ಮಿನಲ್ ಕಮಾಂಡ್) ಅನ್ನೋದರ ವೈ ಮೂಲಕ ದಾಟಿಸಿ 0123456789 ಇದ್ದಲ್ಲಿ ೦೧೨೩೪೫೬೭೮೯ ಬರೋ ಹಾಗೆ ಮಾಡಿ. ಅದೇ ಥರದ ಟಿಆರ್ ಕಮಾಂಡ್ ಬಳಸಬೇಡಿ, ಅದು ಬೈಟ್ ಲೆಕ್ಕದಲ್ಲಿ ಬದಲಾಯಿಸತ್ತೆ, ಕನ್ನಡದ ಒಂದೊಂದು ಅಂಕಿಗೂ ಮೂರು ಬೈಟು, ಹಾಗಾಗಿ ಏನೇನೋ ಬರತ್ತೆ.

ಮಂದದೃಷ್ಟಿ ಬರೆದದ್ದು:

ನನ್ನ ದೃಷ್ಟಿ 6/60, ಅಂದ್ರೆ ಸಹಜ ದೃಷ್ಟಿಯವರು 60 ಮೀಟರಿಂದ ಓದೋದನ್ನ ನಾನು 6 ಮೀಟರಿಂದ ಓದ್ತೀನಿ, ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನೋ ಅಕ್ಷಿಪಟಲದ ಕಾಯಿಲೆ ಇದೆ, ಹನ್ನೊಂದು ವರ್ಷದಿಂದ ಲಿನಕ್ಸಲ್ಲೇ ಕೆಲಸ ಮಾಡ್ತಿದ್ದೀನಿ. ಅದಕ್ಕೇ ಇದನ್ನ ಸ್ವಲ್ಪ ಉದ್ದವಾಗೇ ಬರೀತೀನಿ, ಬೇಸರ ಮಾಡ್ಕೋಬೇಡಿ.

ದೊಡ್ಡದು ಅಂದ್ರೆ ಎಷ್ಟು ದೊಡ್ಡದು ಅಂತ ಅಂದಾಜಿಗೆ ಹಾಕೋದು ಬೇಡ, ಕಣ್ಣಾಸ್ಪತ್ರೆ ಚೀಟಿ ತೆಗೀರಿ, ಲೆಕ್ಕ ಅದ್ರಲ್ಲೇ ಇದೆ. ಸಹಜ ದೃಷ್ಟಿ ಇರೋರು 6 ಮೀಟರಿಂದ ಓದೋ 6/6 ಸಾಲಿನ ಅಕ್ಷರದ ಎತ್ತರ ಸುಮಾರು 8.7 ಮಿಲಿಮೀಟರ್. ಅಪ್ಪನಿಗೆ ಒಳ್ಳೇ ಕಣ್ಣಲ್ಲಿ 6/36 ಅಂತ ಬರೆದಿದ್ರೆ ಅದರ ಆರು ಪಟ್ಟು ಬೇಕು, ಅಂದ್ರೆ 52 ಮಿಮೀ. ದೂರ 2 ಮೀಟರ್ ಆದ್ರಿಂದ ಮೂರರಿಂದ ಭಾಗಿಸಿ, 17 ಚಿಲ್ಲರೆ ಮಿಮೀ. ಅದು ಕಷ್ಟಪಟ್ಟು ಗುರುತಿಸೋ ಸೈಜು, ಆರಾಮಾಗಿ ಓದೋಕೆ ನಾನು ಯಾವಾಗ್ಲೂ ಎರಡರಷ್ಟು ಇಡ್ತೀನಿ, 35 ಮಿಮೀ. ನಿಮ್ಮ ಸ್ಕ್ರೀನಲ್ಲಿ ಇಂಚಿಗೆ ಸುಮಾರು 100 ಪಿಕ್ಸೆಲ್ ಇರತ್ತೆ, 35 ಮಿಮೀ ಅಂದ್ರೆ 138 ಪಿಕ್ಸೆಲ್ ಎತ್ತರದ ಅಂಕಿ. ಫಾಂಟ್ ಸೈಜಲ್ಲಿ ಹೇಳೋದಾದ್ರೆ 140ರ ಆಸುಪಾಸು. ಚೀಟೀಲಿ ಬೇರೆ ಇದ್ರೆ ಇದೇ ಥರ ಲೆಕ್ಕ ಹಾಕಿ, ಸ್ಕ್ರೀನ್ ಮೇಲೆ ಸ್ಕೇಲ್ ಇಟ್ಟು ಅಳೀರಿ.

ಬಿಳಿ ಅಂಕಿ ಸುತ್ತ ಬೆಳಕು ಹರಡೋದು ಪೊರೆಯಿಂದ, ಅಪ್ಪ ಹೇಳ್ತಿರೋದು ಸರಿ. ಹಿನ್ನೆಲೆ ಕಪ್ಪಾಗೇ ಇರಲಿ, ಬಿಳಿ ಹಿನ್ನೆಲೆ ಮಾಡಿದ್ರೆ ಪೊರೆ ಇರೋರಿಗೆ ಇನ್ನೂ ಕಣ್ಣು ಕುಕ್ಕತ್ತೆ. ಅಂಕಿಯ ಬಣ್ಣ ಅಚ್ಚ ಬಿಳಿ ಬದಲು ತಿಳಿ ಹಳದಿ ಮಾಡಿ, ರಾತ್ರಿ ಸ್ಕ್ರೀನ್ ಬ್ರೈಟ್‌ನೆಸ್ ಇಳಿಸಿ. ವೆಬ್ ಪೇಜುಗಳಿಗೆ ಕಡಿಮೆ ಅಂದ್ರೆ 4.5ಕ್ಕೆ 1 ಕಾಂಟ್ರಾಸ್ಟ್ ಇರಲಿ, ಇನ್ನೂ ಚೆನ್ನಾಗಿರಬೇಕಂದ್ರೆ 7ಕ್ಕೆ 1 ಅಂತ ಒಂದು ನಿಯಮ ಇದೆ, ಕಪ್ಪು ಮೇಲೆ ತಿಳಿ ಹಳದಿ ಅದಕ್ಕಿಂತ ಎಷ್ಟೋ ಮೇಲೆ ನಿಲ್ಲತ್ತೆ. ಗ್ಲಾಕೋಮಾದಲ್ಲಿ ಕಾಂಟ್ರಾಸ್ಟ್ ಗ್ರಹಿಸೋ ಶಕ್ತೀನೇ ಕುಗ್ಗತ್ತೆ, ಬೂದು ಮೇಲೆ ಬಿಳಿ ಎಲ್ಲ ನಮಗೆ ಒಂದೇ ಮಂಜು.

8 ಮತ್ತು 6ರ ತೊಂದರೆ ಸೈಜಿಂದ ಪೂರ್ತಿ ಹೋಗಲ್ಲ, ಫಾಂಟ್ ಬದಲಾಯಿಸಿ. ಅಟ್ಕಿನ್ಸನ್ ಹೈಪರ್‌ಲೆಜಿಬಲ್ ಅಂತ ಅಮೆರಿಕದ ಬ್ರೈಲ್ ಇನ್‌ಸ್ಟಿಟ್ಯೂಟ್ 2019ರಲ್ಲಿ ಹೊರತಂದ ಫಾಂಟು, ಉಚಿತ, ನಮ್ಮಂಥ ಕಡಿಮೆ ದೃಷ್ಟಿಯವರಿಗೆ ಅಂತಲೇ ಮಾಡಿದ್ದು. ಅದ್ರಲ್ಲಿ ಒಂದರ ಥರ ಇನ್ನೊಂದು ಕಾಣೋ ಅಕ್ಷರ, ಅಂಕಿಗಳನ್ನ ಬೇಕಂತಲೇ ಬೇರೆ ಬೇರೆ ಆಕಾರದಲ್ಲಿ ಬಿಡಿಸಿದ್ದಾರೆ. ಬೋಲ್ಡ್ ಹಾಕಿ. ತೆಳ್ಳನೆ ಫಾಂಟ್ ಎಷ್ಟು ದೊಡ್ಡದು ಮಾಡಿದ್ರೂ ದೂರಕ್ಕೆ ಕರಗಿ ಹೋಗತ್ತೆ, ನಿಮ್ಮ ಗೋಡೆ ಗಡಿಯಾರದ ಮುಳ್ಳಿನ ಕತೆಯೂ ಅದೇ. ಕನ್ನಡ ಅಂಕಿ ವಿಚಾರ, ನಾನು ಆಸೆಪಟ್ಟು ಹಾಕಿದ್ದೆ, ತೆಗೆದೆ. ದೂರದಿಂದ ೦ ಯಾವುದು ೧ ಯಾವುದು ತಿಳಿಯಲ್ಲ, ಕೆಳಗಿನ ಆ ಸಣ್ಣ ಬಾಯಿ ಮುಚ್ಚಿಹೋದ ಹಾಗೆ ಕಾಣತ್ತೆ. ಔಷಧಿಗೆ ಅಂತ ನೋಡೋ ಗಡಿಯಾರದಲ್ಲಿ ಅದು ಬೇಡ ಅಂತ ನನ್ನ ಅಭಿಪ್ರಾಯ.

ಈಗ ಮುಖ್ಯ ಮಾತು. ಕಾಂಕಿ ಪಟ್ಟಿ ಒಳ್ಳೇ ಉಪಾಯ, ಆದ್ರೆ 140ರ ಅಂಕಿ ಹಾಕಿದ್ರೆ 768ರಲ್ಲಿ 190 ಪಿಕ್ಸೆಲ್ ಆ ಪಟ್ಟಿಗೇ ಹೋಗತ್ತೆ, ಸ್ಕ್ರೀನಿನ ಕಾಲು ಭಾಗ. ಪೇಪರ್ ಎಲ್ಲಿ ಓದ್ತಾರೆ? ಅದಕ್ಕಿಂತ ದೊಡ್ಡದು ಇನ್ನೊಂದಿದೆ, ಗ್ಲಾಕೋಮಾ ಮುಂದುವರೆದವರಿಗೆ ಸುತ್ತಲಿನ ನೋಟ ಕಿರಿದಾಗಿರತ್ತೆ. ನನಗೂ ಹಾಗೇ, ಕೊಳವೆಯಿಂದ ನೋಡಿದ ಹಾಗೆ. ಆ 15 ಸೆಂಟಿಮೀಟರ್ ಅಗಲದ ಗಡಿಯಾರ ಮಂಚದಿಂದ ಚಿಕ್ಕದಾಗಿ ಒಂದೇ ನೋಟಕ್ಕೆ ಸಿಗತ್ತೆ, ಅದೇ ಅರ್ಧ ಮೀಟರ್ ಹತ್ತಿರ ಕೂತಾಗ ಗಂಟೆ ನೋಡಿದ್ರೆ ನಿಮಿಷ ಕಾಣಲ್ಲ, ನಿಮಿಷ ನೋಡೋಷ್ಟರಲ್ಲಿ ಗಂಟೆ ಜಾರಿರತ್ತೆ. ಅಪ್ಪನಿಗೆ ಎರಡು ದೂರ ಇದೆ, ಎರಡು ಗಡಿಯಾರ ಬೇಕು. ಹತ್ತಿರಕ್ಕೆ ಪ್ಯಾನೆಲ್‌ದು ಆಗ್ಲೇ ಆಗಿದೆ. ದೂರದ್ದಕ್ಕೆ ಸ್ಕ್ರೀನ್‌ಸೇವರ್ ಬಳಸಿ.

ಸಿಸ್ಟಮ್ ಸೆಟ್ಟಿಂಗ್ಸಲ್ಲಿ ಸ್ಕ್ರೀನ್‌ಸೇವರ್ ತೆಗೆದ್ರೆ ಅದರ ಗಡಿಯಾರಕ್ಕೆ ಬೇರೆ ಫಾರ್ಮ್ಯಾಟು, ಸಮಯಕ್ಕೊಂದು ದಿನಾಂಕಕ್ಕೊಂದು ಬೇರೆ ಬೇರೆ ಫಾಂಟು ಕೊಡಬಹುದು. ಸಮಯಕ್ಕೆ ಅಟ್ಕಿನ್ಸನ್ ಬೋಲ್ಡ್ 140 ಇಡಿ. ಗಡಿಯಾರ ಅಲ್ಲಿಂದಿಲ್ಲಿಗೆ ಜಾಗ ಬದಲಾಯಿಸೋದನ್ನ ಆಫ್ ಮಾಡಿ, ಇಲ್ದಿದ್ರೆ ಹುಡುಕ್ತಾ ಇರ್ಬೇಕಾಗತ್ತೆ. ಪಾಸ್‌ವರ್ಡ್ ಲಾಕ್ ಆಫ್ ಮಾಡಿ, ಪವರ್ ಸೆಟ್ಟಿಂಗಲ್ಲಿ ಸ್ಕ್ರೀನ್ ಆಫ್ ಆಗೋದು ಯಾವತ್ತೂ ಬೇಡ ಅಂತ ಇಡಿ. ಆಮೇಲೆ ಕೀಬೋರ್ಡ್ ಶಾರ್ಟ್‌ಕಟ್ಟಲ್ಲಿ ಒಂದೇ ಒಂದು ಕೀ, ಎಫ್ 9 ಅಂತಿಟ್ಕೊಳ್ಳಿ, ಸಿನಮನ್-ಸ್ಕ್ರೀನ್‌ಸೇವರ್-ಕಮಾಂಡ್ ಜೊತೆ ಹೈಫನ್ ಎ ಕೊಟ್ಟು ಜೋಡಿಸಿ. ಮಂಚಕ್ಕೆ ಹೋಗೋ ಮುಂಚೆ ಅದನ್ನ ಒತ್ತಿ ಹೋಗ್ಲಿ. ಆ ಕೀ ಮೇಲೆ ಒಂದು ಬಿಂದಿ ಅಂಟಿಸಿ, ಬೆರಳಿಗೆ ಸಿಗತ್ತೆ.

ಪ್ಯಾನೆಲ್ ಪರಮೇಶಿ ಬರೆದದ್ದು:

ಈ ಲೆಕ್ಕ ನನಗೆ ಗೊತ್ತೇ ಇರಲಿಲ್ಲ ಸರ್, ನಮ್ಮಜ್ಜಿ ಚೀಟಿ ತೆಗೆದು ನಾನೂ ಲೆಕ್ಕ ಹಾಕ್ತೀನಿ. ಮುಂದೆ ಓದೋರಿಗೆ ಅಂತ ಒಂದು ಮಾತು, ಸಿನಮನ್ ಬದಲು ಬೇರೆ ಡೆಸ್ಕ್‌ಟಾಪ್ ಇದ್ರೆ, ಕೆಡಿಇ ಪ್ಲಾಸ್ಮಾದಲ್ಲಿ ಡಿಜಿಟಲ್ ಕ್ಲಾಕ್ ವಿಜೆಟ್‌ನ ಡೆಸ್ಕ್‌ಟಾಪ್ ಮೇಲೆ ಎಳೆದು ಹಾಕಿ ಮೂಲೆ ಹಿಡಿದು ಹಿಗ್ಗಿಸಿದ್ರೆ ಅಂಕಿ ತಾನಾಗೇ ದೊಡ್ಡದಾಗತ್ತೆ. ಎಕ್ಸ್‌ಎಫ್‌ಸಿಇಯಲ್ಲಿ ಪ್ಯಾನೆಲ್ ಗಡಿಯಾರದ ಪ್ರಾಪರ್ಟೀಸಲ್ಲಿ ಡಿಜಿಟಲ್ ಲೇಔಟ್ ಆರಿಸಿ ಫಾಂಟ್ ಬದಲಾಯಿಸಬಹುದು.

ಅಪ್ಪನ ಲ್ಯಾಪ್‌ಟಾಪ್ ಬರೆದದ್ದು:

ಎಲ್ಲ ಹಾಗೇ ಮಾಡ್ದೆ. ಚೀಟೀಲಿ ಎಡಗಣ್ಣು 6/36 ಅಂತಲೇ ಇತ್ತು. ಸ್ಕೇಲ್ ಇಟ್ಟು ಅಳೆದ್ರೆ 34 ಮಿಮೀ ಬಂತು. ಎಫ್ 9ಕ್ಕೆ ಅಮ್ಮನ ಬಿಂದಿ ಅಂಟಿಸಿದೀನಿ. ಮೂರು ದಿನ ಚೆನ್ನಾಗಿ ನಡೀತು, ಒಂದು ಸಲವೂ ತಪ್ಪು ಓದಲಿಲ್ಲ.

ಆದ್ರೆ ನಿನ್ನೆ ಬೆಳಗ್ಗೆ ಒಂದು ತೊಂದರೆ ಆಯ್ತು, ನನಗೆ ಇನ್ನೂ ಭಯ ಹೋಗಿಲ್ಲ. ರಾತ್ರಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆಫ್ ಆಗಿತ್ತು, ಬೆಳಗ್ಗೆ ಆನ್ ಮಾಡಿದಾಗ ವೈಫೈ ಇರಲಿಲ್ಲ, ಗಡಿಯಾರ 5:40 ತೋರಿಸ್ತು. ಅಷ್ಟು ದಪ್ಪಕ್ಕೆ ಕಾಣ್ತಿರೋದ್ರಿಂದ ಅಪ್ಪ ನಂಬಿ ಮತ್ತೆ ಮಲಗಿದ್ರು. ನಿಜವಾಗಿ ಆಗ ಎಂಟೂವರೆ ದಾಟಿತ್ತು. ವೈಫೈ ಬಂದ ಮೇಲೆ ತಾನಾಗೇ ಸರಿಯಾಯ್ತು. ಇದು ಯಾಕೆ?

ಟರ್ಮಿನಲ್ ಪ್ರಿಯ ಬರೆದದ್ದು:

ಲ್ಯಾಪ್‌ಟಾಪ್ ಬ್ಯಾಟರಿ ಸತ್ತಿರಬೇಕು, ಅದಕ್ಕೇ ಕರೆಂಟ್ ಜೊತೆ ಆಫ್ ಆಗಿದೆ, ಜೊತೆಗೆ ಬೋರ್ಡ್ ಮೇಲಿನ ಸಿಮಾಸ್ ಸೆಲ್ಲೂ ಮುಗಿದಿದೆ. ಆಫ್ ಆಗಿರೋವಾಗ ಗಡಿಯಾರ ನಡೆಸೋದು ಅದೇ. ನೆಟ್ ಬಂದಾಗ ಸರ್ವರಿಂದ ಸಮಯ ತಗೊಂಡು ಸರಿ ಮಾಡ್ಕೊಳ್ಳತ್ತೆ, ಹಾಗಾಗಿ ಇಷ್ಟು ದಿನ ನಿಮಗೆ ಗೊತ್ತಾಗಿಲ್ಲ. ಸಿಆರ್ 2032 ನಾಣ್ಯದ ಥರದ ಸೆಲ್, ಯಾವ ಎಲೆಕ್ಟ್ರಿಕಲ್ ಅಂಗಡೀಲೂ ಸಿಗತ್ತೆ, ಕೆಲವು ಲ್ಯಾಪ್‌ಟಾಪಲ್ಲಿ ಅದೇ ಸೆಲ್‌ಗೆ ಎರಡು ತಂತಿ ಬೆಸೆದು ಪ್ಲಾಸ್ಟಿಕ್ ಸುತ್ತಿರತ್ತೆ, ಅಂಥದ್ದಾದ್ರೆ ರಿಪೇರಿ ಅಂಗಡಿಯಲ್ಲಿ ಕೇಳಿ. ಹಾಕಿಸಿದ ಮೇಲೆ ವೈಫೈ ಆಫ್ ಮಾಡಿ, ಪ್ಲಗ್ ತೆಗೆದು, ಒಂದು ಗಂಟೆ ಬಿಟ್ಟು ಆನ್ ಮಾಡಿ ನೋಡಿ.

ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದು ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ ಬರ್ತಿದ್ರೆ ಅದು ಬೇರೆ ವಿಷಯ, ಲಿನಕ್ಸ್ ಬೋರ್ಡ್ ಗಡಿಯಾರದಲ್ಲಿ ಯುಟಿಸಿ (ಜಾಗತಿಕ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ) ಇಡತ್ತೆ, ವಿಂಡೋಸ್ ಸ್ಥಳೀಯ ಸಮಯ ಅಂದ್ಕೊಳ್ಳತ್ತೆ. ನಿಮ್ಮದು ಹಾಗಲ್ಲ ಅನ್ಸತ್ತೆ.

ಅಪ್ಪನ ಲ್ಯಾಪ್‌ಟಾಪ್ ಬರೆದದ್ದು:

ವಿಂಡೋಸ್ ಇಲ್ಲ, ಸೆಲ್ಲೇ ಆಗಿತ್ತು, ತಂತಿ ಇರೋದು. ಹಾಕಿಸಿ, ವೈಫೈ ಆಫ್ ಮಾಡಿ ರಾತ್ರಿಯಿಡೀ ಪ್ಲಗ್ ತೆಗೆದಿಟ್ಟು ಬೆಳಗ್ಗೆ ಆನ್ ಮಾಡ್ದೆ, ಸಮಯ ಸರಿಯಾಗಿತ್ತು. ಬ್ಯಾಟರೀನೂ ಹೊಸದಕ್ಕೆ ಹೇಳಿದ್ದೀನಿ.

ಇವತ್ತು ರಾತ್ರಿ ನಾನು ಬಾಗಿಲ ಹತ್ರ ನಿಂತು ನೋಡ್ತಿದ್ದೆ. ಎಫ್ 9 ಒತ್ತಿದ್ರು, ಮಂಚದ ಮೇಲೆ ಮಲಗಿ ಮೊದಲನೇ ಡ್ರಾಪ್ಸ್ ಹಾಕಿ ಕಣ್ಣು ಮುಚ್ಕೊಂಡ್ರು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಬಿಟ್ಟು ತಲೆ ತಿರುಗಿಸಿ ನೋಡಿ "ಎಂಟು ನಾಕು" ಅಂದ್ರು, ಮತ್ತೆ ಮುಚ್ಚಿದ್ರು. ಎಂಟು ಐದಕ್ಕೆ ದಿಂಬಿನ ಪಕ್ಕ ಕೈಯಾಡಿಸಿ ಎರಡನೇ ಬಾಟಲಿ ತಗೊಂಡ್ರು. ಅಮ್ಮ ಅಡುಗೆಮನೆಯಿಂದ ಕೂಗ್ಲಿಲ್ಲ.